ಸಮನ್ಸ್ ಯಾವ ಬಾಗಿಲಿಗೆ?

ಅಮೆರಿಕದ ಉದ್ಯೋಗ ತಾರತಮ್ಯದ ದಾವೆಗಳಲ್ಲಿ ಪ್ರತಿವಾದಿ ಪರದೇಶದ ಕಂಪನಿಯಾದರೆ, ತಾರತಮ್ಯದ ಮಾತಿಗೆ ಮುಂಚೆಯೇ ಸಮನ್ಸ್ ಜಾರಿಯ ತಕರಾರು ಏಳುತ್ತದೆ. ಅಮೆರಿಕದಲ್ಲಿರುವ ಅದರ ಅಂಗಸಂಸ್ಥೆಗೆ ಕೊಟ್ಟರೆ ಸಾಕು ಎನ್ನುವವರು 1988ರ ಫೋಕ್ಸ್‌ವ್ಯಾಗನ್ ವಿರುದ್ಧ ಶ್ಲುಂಕ್ ತೀರ್ಪನ್ನು ಮುಂದಿಡುತ್ತಾರೆ. ಅದು ಕಾರು ಅಪಘಾತದ ದಾವೆ. ಇಲಿನಾಯ್ ಕಾನೂನು ಅಂಗಸಂಸ್ಥೆಯನ್ನು ಜರ್ಮನಿಯ ಮಾತೃಸಂಸ್ಥೆಯ ಏಜೆಂಟ್ ಎಂದೇ ಎಣಿಸಿತು. ಜಾರಿ ಅಮೆರಿಕದೊಳಗೇ ಮುಗಿದದ್ದರಿಂದ ಪರದೇಶದಲ್ಲಿ ಸಮನ್ಸ್ ಜಾರಿಯ ಬಗೆ ಹೇಳುವ 1965ರ ಹೇಗ್ ಒಪ್ಪಂದ ಅನ್ವಯಿಸಲಿಲ್ಲ. ತೀರ್ಪು ನಿಂತಿರುವುದು ಆ ರಾಜ್ಯದ ಕಾನೂನಿನ ಮೇಲೆ ಎಂಬುದನ್ನು ಮಾತ್ರ ಹಲವರು ಮರೆಯುತ್ತಾರೆ.

ಇದರ ಪಕ್ಕದಲ್ಲಿ 1982ರ ಸುಮಿಟೊಮೊ ತೀರ್ಪನ್ನು ಇಟ್ಟು ಓದಬೇಕು. ಮೇಲಿನ ಹುದ್ದೆಗಳೆಲ್ಲ ಜಪಾನಿ ಗಂಡಸರಿಗೇ ಹೋಗುತ್ತವೆಂದು ಮಹಿಳಾ ಕಾರ್ಯದರ್ಶಿಗಳು ದಾವೆ ಹೂಡಿದ್ದರು. ಜಪಾನಿ ಕಂಪನಿಗಳು ತಮಗೆ ಬೇಕಾದ ಅಧಿಕಾರಿಗಳನ್ನು ನೇಮಿಸಿಕೊಳ್ಳಲು ಬಿಡುವ 1953ರ ಜಪಾನ್-ಅಮೆರಿಕ ಒಪ್ಪಂದದ ಆಸರೆಯನ್ನು ಕಂಪನಿ ಹಿಡಿಯಿತು. ನ್ಯೂಯಾರ್ಕ್‌ನಲ್ಲಿ ನೋಂದಣಿಯಾದದ್ದು ಅಮೆರಿಕದ ಕಂಪನಿಯೇ ಎಂದಿತು ಸುಪ್ರೀಂ ಕೋರ್ಟ್. ಅಲ್ಲಿ ಸಮನ್ಸ್‌ನ ಪ್ರಶ್ನೆ ಇರಲಿಲ್ಲ, ನಿಜ. ಆದರೆ ಮಾಲೀಕ ಯಾರೆಂದು ವಾದಪತ್ರದಲ್ಲಿ ಬರೆಯುತ್ತೇವೋ ಅವನ ಬಾಗಿಲನ್ನೇ ತಟ್ಟಬೇಕು ಎಂಬ ಪಾಠ ಅದರಲ್ಲಿದೆ ಎಂದು ನನ್ನ ಓದು. ನಿರ್ಧಾರವೆಲ್ಲ ಮಾತೃಸಂಸ್ಥೆಯದೆಂದು ಆರೋಪಿಸಿ ಅಂಗಸಂಸ್ಥೆಯ ಸ್ವಾಗತಕಾರಿಣಿಯ ಕೈಗೆ ಲಕೋಟೆ ಕೊಟ್ಟು ಬರುವುದು ಎಡವಟ್ಟು.

ಆ ಮಾತೃಸಂಸ್ಥೆ ಬೆಂಗಳೂರಿನಲ್ಲಿದ್ದರೆ? ಭಾರತದ ಮಟ್ಟಿಗೆ ಹೇಗ್ ಒಪ್ಪಂದ 2007ರ ಆಗಸ್ಟ್ 1ರಿಂದ ಜಾರಿಯಲ್ಲಿದೆ. ಆದರೆ ಅಂಚೆಯ ದಾರಿ ತೆರೆಯುವ 10ನೇ ವಿಧಿಗೆ ಭಾರತ ಆಕ್ಷೇಪ ಹೂಡಿದೆ. ಅಂಚೆಗೆ ಅಡ್ಡಿಯಿಲ್ಲ ಎಂದ 2017ರ ವಾಟರ್ ಸ್ಪ್ಲ್ಯಾಶ್ ತೀರ್ಪೂ ಇಂಥ ಆಕ್ಷೇಪವಿಲ್ಲದ ದೇಶಗಳಿಗಷ್ಟೇ. ಹಾಗಾಗಿ ರಿಜಿಸ್ಟರ್ಡ್ ಪೋಸ್ಟ್ ನಡೆಯದು. ಕೋರಿಕೆ ದೆಹಲಿಯ ಕಾನೂನು ಸಚಿವಾಲಯಕ್ಕೇ ಹೋಗಬೇಕು. ಹಿಂದಿರುಗುವ ಪ್ರಮಾಣಪತ್ರದಲ್ಲಿ ಎಲ್ಲಿ, ಯಾವಾಗ, ಹೇಗೆ, ಯಾರ ಕೈಗೆ ಎಂಬ ನಾಲ್ಕೂ ಇರಬೇಕು; ಜಾರಿಯಾಗದಿದ್ದರೆ ಕಾರಣ.

ಆರು ತಿಂಗಳು ಕಳೆದರೂ ಪ್ರಮಾಣಪತ್ರ ಬಾರದಿದ್ದರೆ, ಅದನ್ನು ಪಡೆಯಲು ತಕ್ಕ ಪ್ರಯತ್ನ ನಡೆದಿದ್ದ ಪಕ್ಷದಲ್ಲಿ, 15ನೇ ವಿಧಿಯಡಿ ನ್ಯಾಯಾಧೀಶರು ತೀರ್ಪು ನೀಡಬಹುದು. ಮನೆಗೆಲಸದವಳೊಬ್ಬಳ ವೇತನದ ದಾವೆಯಲ್ಲಿ, ದೆಹಲಿಯಿಂದ ಉತ್ತರವಿಲ್ಲದ ಮೇಲೆ ನ್ಯೂಯಾರ್ಕ್‌ನ ಫೆಡರಲ್ ಕೋರ್ಟ್ 2011ರಲ್ಲಿ ಭಾರತದಲ್ಲಿದ್ದ ಪ್ರತಿವಾದಿಗಳಿಗೆ ಇಮೇಲ್ ಮೂಲಕ ಜಾರಿಗೆ ಒಪ್ಪಿತು. ಎಲ್ಲ ಕೋರ್ಟುಗಳೂ ಒಪ್ಪುವ ದಾರಿ ಅದಲ್ಲ.

ಗಡುವಿನದೂ ಒಂದು ಗೋಜಲು. ಸಮಾನ ಉದ್ಯೋಗಾವಕಾಶ ಆಯೋಗದ ಅನುಮತಿ ಪತ್ರ ಕೈಸೇರಿದ ಮೇಲೆ ದಾವೆ ಹೂಡಲು 90 ದಿನ. ಹೂಡಿದ ಮೇಲೆ ಸಮನ್ಸ್ ಜಾರಿಗೂ 90 ದಿನ. ಎರಡನೆಯದು ಪರದೇಶದಲ್ಲಿ ನಡೆಯುವ ಜಾರಿಗೆ ಅನ್ವಯಿಸುವುದಿಲ್ಲ. ಅದೇ ದಾವೆಯ ಇನ್ನೊಬ್ಬ ಪ್ರತಿವಾದಿ ಅಮೆರಿಕದ ಅಂಗಸಂಸ್ಥೆಯಾಗಿದ್ದರೆ, ಅದರ ಮಟ್ಟಿಗೆ ದಿನಗಳ ಎಣಿಕೆ ನಿಲ್ಲುವುದಿಲ್ಲ.