ಹೈ-ಫೈ ಉಪಕರಣಗಳ ಕಂಪನ ನಿರೋಧ ಮತ್ತು ವಿದ್ಯುತ್ ಪೂರೈಕೆ

ಹೈ-ಫೈ ಉಪಕರಣಗಳ ಕಂಪನ ನಿರೋಧ ಮತ್ತು ವಿದ್ಯುತ್ ಪೂರೈಕೆ ಎಂಬುದು ಮನೆಯಲ್ಲಿ ಸಂಗೀತ ಕೇಳಲು ಬಳಸುವ ಟರ್ನ್‌ಟೇಬಲ್, ಆಂಪ್ಲಿಫೈಯರ್, ಸಿ.ಡಿ. ಪ್ಲೇಯರ್ ಮುಂತಾದ ಸಾಧನಗಳನ್ನು ಹೊರಗಿನ ಅದುರುವಿಕೆಯಿಂದಲೂ ವಿದ್ಯುತ್ ಜಾಲದ ಗದ್ದಲದಿಂದಲೂ ದೂರವಿಡುವ ವಿಧಾನಗಳ ಸಮೂಹ. ಈ ಎರಡೂ ಕ್ಷೇತ್ರಗಳಲ್ಲಿ ತಯಾರಕರಷ್ಟೇ ಹವ್ಯಾಸಿಗಳೂ ಪ್ರಯೋಗ ನಡೆಸುತ್ತ ಬಂದಿದ್ದಾರೆ. ಕೆಲವು ಪ್ರಯೋಗಗಳ ಫಲವನ್ನು ಸುಲಭವಾಗಿ ಅಳೆಯಬಹುದು. ಇನ್ನು ಕೆಲವು ಇಂದಿಗೂ ವಿವಾದದಲ್ಲಿವೆ.

ಹಿನ್ನೆಲೆ

ಕಂಪನದ ತೊಂದರೆ ಅತಿ ಹೆಚ್ಚಾಗಿ ಕಾಣಿಸುವುದು ಟರ್ನ್‌ಟೇಬಲ್‌ನಲ್ಲಿ. ಅದರ ಸೂಜಿ ಧ್ವನಿತಟ್ಟೆಯ ಗೀರಿನಲ್ಲಿ ಚಲಿಸುತ್ತ, ಅತಿ ಸಣ್ಣ ಅಲುಗಾಟವನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತದೆ. 1,000 ಹರ್ಟ್ಸ್ ಆವೃತ್ತಿಯ ಸ್ವರವನ್ನು ಸೆಕೆಂಡಿಗೆ 5 ಸೆಂಟಿಮೀಟರ್ ಗರಿಷ್ಠ ವೇಗದಲ್ಲಿ ಕೊರೆದಿದ್ದರೆ ಸೂಜಿ ಮಧ್ಯಬಿಂದುವಿನಿಂದ ಸರಿಯುವ ದೂರ ಸುಮಾರು 8 ಮೈಕ್ರೋಮೀಟರ್ ಮಾತ್ರ. ಅದಕ್ಕಿಂತ 40 ಡೆಸಿಬೆಲ್ ಮೆಲುವಾದ ಸ್ವರಕ್ಕೆ ಈ ದೂರ 0.08 ಮೈಕ್ರೋಮೀಟರ್‌ಗೆ ಇಳಿಯುತ್ತದೆ. ಆದ್ದರಿಂದ ನೆಲದ ಮೇಲಿನ ಹೆಜ್ಜೆಯ ಸಪ್ಪಳ, ಮೋಟಾರಿನ ಅದುರುವಿಕೆ, ಧ್ವನಿವರ್ಧಕದಿಂದ ಹೊರಟ ಶಬ್ದದ ಒತ್ತಡ ಇವೆಲ್ಲವೂ ಸಂಗೀತದೊಡನೆ ಬೆರೆಯುವ ಸಾಧ್ಯತೆ ಇರುತ್ತದೆ.

ಅಮೆರಿಕದ ಎಡ್ಗರ್ ವಿಲ್ಚರ್ ರೂಪಿಸಿದ ಅಕೌಸ್ಟಿಕ್ ರಿಸರ್ಚ್ ಕಂಪನಿಯ ಟರ್ನ್‌ಟೇಬಲ್ 1961ರಲ್ಲಿ ಮಾರುಕಟ್ಟೆಗೆ ಬಂದಿತು. ಅದರಲ್ಲಿ ತಿರುಗುವ ತಟ್ಟೆ ಮತ್ತು ಸೂಜಿಯ ತೋಳು ಎರಡನ್ನೂ ಒಂದೇ ಉಪಚೌಕಟ್ಟಿಗೆ ಜೋಡಿಸಿ, ಆ ಚೌಕಟ್ಟನ್ನು ಮೂರು ಸ್ಪ್ರಿಂಗ್‌ಗಳ ಆಧಾರದಲ್ಲಿ ನಿಲ್ಲಿಸಲಾಗಿತ್ತು. ತಟ್ಟೆಯೂ ತೋಳೂ ಒಟ್ಟಾಗಿಯೇ ಅಲುಗುವುದರಿಂದ ಅವುಗಳ ನಡುವಿನ ಸಾಪೇಕ್ಷ ಚಲನೆ ಕಡಿಮೆಯಾಗುತ್ತದೆ. ಮುಂದೆ ಥೋರೆನ್ಸ್ ಕಂಪನಿಯ ಟಿ.ಡಿ. 150 ಹಾಗೂ ಸ್ಕಾಟ್ಲೆಂಡಿನ ಲಿನ್ ಸೊಂಡೆಕ್ ಎಲ್.ಪಿ. 12 ಮಾದರಿಗಳು ಇದೇ ತತ್ತ್ವವನ್ನು ಅನುಸರಿಸಿದವು.

ಕಂಪನ ನಿರೋಧದ ತತ್ತ್ವ

ಸ್ಪ್ರಿಂಗ್ ಮೇಲೆ ಇರಿಸಿದ ಪ್ರತಿಯೊಂದು ಭಾರಕ್ಕೂ ಒಂದು ಸಹಜ ಆವೃತ್ತಿ ಇರುತ್ತದೆ. ಭಾರದಿಂದ ಸ್ಪ್ರಿಂಗ್ ಎಷ್ಟು ಮಿಲಿಮೀಟರ್ ಕುಗ್ಗಿತೆಂದು ಅಳೆದು, ಆ ಸಂಖ್ಯೆಯ ವರ್ಗಮೂಲದಿಂದ 15.8ನ್ನು ಭಾಗಿಸಿದರೆ ಸಹಜ ಆವೃತ್ತಿ ಹರ್ಟ್ಸ್‌ನಲ್ಲಿ ದೊರೆಯುತ್ತದೆ. 1 ಮಿಲಿಮೀಟರ್ ಕುಗ್ಗಿದರೆ 15.8 ಹರ್ಟ್ಸ್, 10 ಮಿಲಿಮೀಟರ್ ಕುಗ್ಗಿದರೆ 5 ಹರ್ಟ್ಸ್, 25 ಮಿಲಿಮೀಟರ್ ಕುಗ್ಗಿದರೆ ಸುಮಾರು 3.2 ಹರ್ಟ್ಸ್.

ಸಹಜ ಆವೃತ್ತಿಯ 1.41 ಪಟ್ಟಿಗಿಂತ ಮೇಲಿನ ಕಂಪನಗಳನ್ನು ಮಾತ್ರ ಈ ವ್ಯವಸ್ಥೆ ತಗ್ಗಿಸುತ್ತದೆ. ಸಹಜ ಆವೃತ್ತಿಯ ಆಸುಪಾಸಿನ ಕಂಪನಗಳನ್ನು ಅದು ತಗ್ಗಿಸುವ ಬದಲು ಹಿಗ್ಗಿಸುತ್ತದೆ, ಇದೇ ಅನುರಣನೆ. ಗಟ್ಟಿಯಾದ ರಬ್ಬರಿನ ತೆಳು ಬಿಲ್ಲೆಗಳನ್ನು ಉಪಕರಣದ ಕೆಳಗೆ ಇಟ್ಟಾಗ ಕೆಲವೊಮ್ಮೆ ಸ್ಥಿತಿ ಮೊದಲಿಗಿಂತ ಕೆಡುವುದಕ್ಕೆ ಇದು ಕಾರಣ. ರಬ್ಬರು ಕಂಪಿಸುವಾಗ ನಿಶ್ಚಲ ಸ್ಥಿತಿಗಿಂತ ಹೆಚ್ಚು ಬಿಗಿಯಾಗಿ ವರ್ತಿಸುವುದರಿಂದ ಅದರ ನಿಜವಾದ ಸಹಜ ಆವೃತ್ತಿ ಮೇಲಿನ ಲೆಕ್ಕಕ್ಕಿಂತ ಹೆಚ್ಚಾಗಿರುತ್ತದೆ.

ಟರ್ನ್‌ಟೇಬಲ್‌ನ ತೋಳು ಮತ್ತು ಕಾರ್ಟ್ರಿಜ್ ಸೇರಿ ಇನ್ನೊಂದು ಅನುರಣನೆಯನ್ನು ಉಂಟುಮಾಡುತ್ತವೆ. ಇದು ಸಾಮಾನ್ಯವಾಗಿ 8ರಿಂದ 12 ಹರ್ಟ್ಸ್ ನಡುವೆ ಇರಬೇಕೆಂಬುದು ವಿನ್ಯಾಸಕಾರರ ಅಪೇಕ್ಷೆ. ಆದುದರಿಂದ ಆಧಾರದ ಸಹಜ ಆವೃತ್ತಿಯನ್ನು ಅದಕ್ಕಿಂತ ಸಾಕಷ್ಟು ಕೆಳಗೆ, 3ರಿಂದ 5 ಹರ್ಟ್ಸ್ ಮಟ್ಟದಲ್ಲಿ, ಇರಿಸಲು ಯತ್ನಿಸಲಾಗುತ್ತದೆ.

ಮನೆಯಲ್ಲಿ ನಡೆಸುವ ಪ್ರಯೋಗಗಳು

ಹವ್ಯಾಸಿಗಳಲ್ಲಿ ಬಳಕೆಯಲ್ಲಿರುವ ಮುಖ್ಯ ವಿಧಾನಗಳು ಇವು:

• ಅರ್ಧ ಗಾಳಿ ತುಂಬಿದ ಸೈಕಲ್ ಟ್ಯೂಬಿನ ಮೇಲೆ ಹಲಗೆ ಅಥವಾ ಗ್ರಾನೈಟ್ ಚಪ್ಪಡಿಯನ್ನು ಇಟ್ಟು ಅದರ ಮೇಲೆ ಉಪಕರಣವನ್ನು ಇರಿಸುವುದು. ಗಾಳಿಯ ಸ್ಪ್ರಿಂಗ್ ಮೃದುವಾಗಿರುವುದರಿಂದ ಕಡಿಮೆ ಸಹಜ ಆವೃತ್ತಿಯನ್ನು ಅಗ್ಗವಾಗಿ ಪಡೆಯಬಹುದು.
• ಅದುರುವ ಮರದ ನೆಲವಿದ್ದಲ್ಲಿ ಟರ್ನ್‌ಟೇಬಲನ್ನು ಗೋಡೆಗೆ ಬಿಗಿದ ಶೆಲ್ಫಿನ ಮೇಲೆ ಇಡುವುದು. ಕಾಂಕ್ರೀಟ್ ನೆಲದ ಮನೆಗಳಲ್ಲಿ ಇದರ ಅಗತ್ಯ ಕಡಿಮೆ.
• ಒಣ ಮರಳು ತುಂಬಿದ ಪೆಟ್ಟಿಗೆಯನ್ನು ಆಧಾರವಾಗಿ ಬಳಸುವುದು. ಮರಳಿನ ಕಣಗಳ ಘರ್ಷಣೆ ಕಂಪನದ ಶಕ್ತಿಯನ್ನು ಶಾಖವಾಗಿ ಮಾರ್ಪಡಿಸುತ್ತದೆ.
• ಮೊನಚಾದ ಲೋಹದ ಕಾಲುಗಳನ್ನು ಜೋಡಿಸುವುದು. ಇವು ಉಪಕರಣವನ್ನು ನೆಲದೊಡನೆ ಬಿಗಿಯಾಗಿ ಕೂಡಿಸುತ್ತವೆಯೇ ಹೊರತು ಪ್ರತ್ಯೇಕಿಸುವುದಿಲ್ಲ.

ನಿರ್ವಾತ ಕೊಳವೆಗಳು ಮತ್ತು ಕೆಲವು ಬಗೆಯ ಸೆರಾಮಿಕ್ ಕೆಪಾಸಿಟರ್‌ಗಳು ಕಂಪನವನ್ನು ಸ್ವಲ್ಪಮಟ್ಟಿಗೆ ವಿದ್ಯುತ್ ಸಂಕೇತವಾಗಿ ಮಾರ್ಪಡಿಸುತ್ತವೆ. ಹೀಗಾಗಿ ಕೊಳವೆಗಳಿರುವ ಆಂಪ್ಲಿಫೈಯರ್‌ಗಳಿಗೂ ಕಂಪನ ನಿರೋಧದಿಂದ ಪ್ರಯೋಜನ ಆಗಬಹುದು. ಸಿ.ಡಿ.ಯಲ್ಲಿ ದತ್ತಾಂಶದ ದೋಷಗಳನ್ನು ಸರಿಪಡಿಸುವ ಏರ್ಪಾಡು ಇರುವುದರಿಂದ ಸಾಧಾರಣ ಅದುರುವಿಕೆ ಅದರ ದತ್ತಾಂಶವನ್ನು ಬದಲಿಸುವುದಿಲ್ಲ.

ವಿದ್ಯುತ್ ಪೂರೈಕೆ

ಭಾರತದಲ್ಲಿ ಮನೆಗಳಿಗೆ 230 ವೋಲ್ಟ್, 50 ಹರ್ಟ್ಸ್‌ನ ಪರ್ಯಾಯ ವಿದ್ಯುತ್ ಒದಗುತ್ತದೆ. ಸಾಂಪ್ರದಾಯಿಕ ಪೂರೈಕೆಯಲ್ಲಿ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ತಗ್ಗಿಸುತ್ತದೆ, ರೆಕ್ಟಿಫೈಯರ್ ಅದನ್ನು ಏಕದಿಕ್ಕಿನದಾಗಿ ಮಾಡುತ್ತದೆ, ಕೆಪಾಸಿಟರ್ ಅದರ ಏರಿಳಿತವನ್ನು ಸಮಗೊಳಿಸುತ್ತದೆ. ಪೂರ್ಣ ತರಂಗದ ರೆಕ್ಟಿಫೈಯರ್ ಬಳಸಿದಾಗ ಉಳಿಯುವ ಏರಿಳಿತದ ಆವೃತ್ತಿ 100 ಹರ್ಟ್ಸ್. 10,000 ಮೈಕ್ರೋಫ್ಯಾರಡ್ ಕೆಪಾಸಿಟರ್‌ನಿಂದ 1 ಆಂಪಿಯರ್ ಪ್ರವಾಹ ಪಡೆದರೆ ಏರಿಳಿತ ಸುಮಾರು 1 ವೋಲ್ಟ್ ಇರುತ್ತದೆ. ಕೆಪಾಸಿಟರ್‌ನ ಗಾತ್ರವನ್ನು ಇಮ್ಮಡಿ ಮಾಡಿದರೆ ಇದು ಅರ್ಧಕ್ಕಿಳಿಯುತ್ತದೆ. ಇದರ ಮುಂದೆ ಎಲ್.ಎಂ. 317ರಂತಹ ರೆಗ್ಯುಲೇಟರ್ ಅಳವಡಿಸಿ ಉಳಿದ ಏರಿಳಿತವನ್ನು ಸಾವಿರ ಪಟ್ಟಿಗಿಂತ ಹೆಚ್ಚು ಕುಗ್ಗಿಸಬಹುದು.

ಧ್ವನಿತಟ್ಟೆಯ ಸಂಕೇತವನ್ನು ಹಿಗ್ಗಿಸುವ ಫೋನೋ ಆಂಪ್ಲಿಫೈಯರ್‌ಗೆ ಶುದ್ಧ ಪೂರೈಕೆ ಅತ್ಯಗತ್ಯ. ಚಲಿಸುವ ಸುರುಳಿಯ ಕಾರ್ಟ್ರಿಜ್ ಕೊಡುವ ಸಂಕೇತ ಅನೇಕ ವೇಳೆ ಅರ್ಧ ಮಿಲಿವೋಲ್ಟ್‌ಗಿಂತಲೂ ಕಡಿಮೆ. ಜೊತೆಗೆ ಆರ್.ಐ.ಎ.ಎ. ಸಮೀಕರಣದ ಪ್ರಕಾರ 50 ಹರ್ಟ್ಸ್‌ನ ಸಂಕೇತ 1,000 ಹರ್ಟ್ಸ್‌ನ ಸಂಕೇತಕ್ಕಿಂತ ಸುಮಾರು 17 ಡೆಸಿಬೆಲ್, ಅಂದರೆ ಏಳು ಪಟ್ಟು, ಹೆಚ್ಚು ಹಿಗ್ಗುತ್ತದೆ. ಜಾಲದಿಂದ ನುಸುಳಿದ ಗುಂಯ್‌ಗುಡುವಿಕೆಯೂ ಅಷ್ಟೇ ಹಿಗ್ಗುತ್ತದೆ. ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರ ದೂರ ಹೆಚ್ಚಿದಂತೆ ಬೇಗನೆ ಕ್ಷೀಣಿಸುವುದರಿಂದ ಅದನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿಟ್ಟು ದೂರ ಸರಿಸುವುದು ಪರಿಣಾಮಕಾರಿ ಉಪಾಯ. ಬ್ರಿಟನ್ನಿನ ನೈಮ್ ಆಡಿಯೋ ಪ್ರತ್ಯೇಕ ಪೂರೈಕೆ ಪೆಟ್ಟಿಗೆಗಳಿಗೆ ಹೆಸರಾದ ಕಂಪನಿಗಳಲ್ಲಿ ಒಂದು.

ಸಿಂಕ್ರೊನಸ್ ಮೋಟಾರಿನ ವೇಗವನ್ನು ಜಾಲದ ಆವೃತ್ತಿಯೇ ನಿರ್ಧರಿಸುತ್ತದೆ. 24 ಧ್ರುವಗಳ ಮೋಟಾರು 50 ಹರ್ಟ್ಸ್‌ನಲ್ಲಿ ನಿಮಿಷಕ್ಕೆ 250 ಸುತ್ತು, 60 ಹರ್ಟ್ಸ್‌ನಲ್ಲಿ 300 ಸುತ್ತು ತಿರುಗುತ್ತದೆ. ಅಮೆರಿಕದಿಂದ ತಂದ ಇಂತಹ ಟರ್ನ್‌ಟೇಬಲ್ ಭಾರತದಲ್ಲಿ ನಿಧಾನವಾಗಿ ತಿರುಗುವುದಕ್ಕೆ ಇದೇ ಕಾರಣ. ವೋಲ್ಟೇಜ್ ಬದಲಿಸುವ ಟ್ರಾನ್ಸ್‌ಫಾರ್ಮರ್ ಈ ದೋಷವನ್ನು ಸರಿಪಡಿಸದು. ಪುಲ್ಲಿಯನ್ನು ಬದಲಿಸಬೇಕು ಇಲ್ಲವೇ ಸ್ವಂತ ಆವೃತ್ತಿಯನ್ನು ಉತ್ಪಾದಿಸುವ ಎಲೆಕ್ಟ್ರಾನಿಕ್ ಪೂರೈಕೆ ಬಳಸಬೇಕು.

ಫಲಿತಾಂಶದ ಪರೀಕ್ಷೆ

ಟರ್ನ್‌ಟೇಬಲ್ ನಿಂತಿರುವಾಗ ಸೂಜಿಯನ್ನು ತಟ್ಟೆಯ ಮೇಲಿರಿಸಿ, ಶೆಲ್ಫನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ಹೊರಬರುವ ಸಂಕೇತವನ್ನು ಕಂಪ್ಯೂಟರಿನಲ್ಲಿ ಮುದ್ರಿಸಿ ಹೋಲಿಸುವುದು ಸರಳ ಪರೀಕ್ಷೆ. ವಿದ್ಯುತ್ ಪೂರೈಕೆಯ ಏರಿಳಿತವನ್ನು ಆಸಿಲೋಸ್ಕೋಪಿನಿಂದ ಅಳೆಯಬಹುದು.

ದುಬಾರಿ ವಿದ್ಯುತ್ ತಂತಿಗಳು ಮತ್ತು ವಿಶೇಷ ಕಾಲುಗಳ ಕುರಿತ ಹೇಳಿಕೆಗಳ ವಿಚಾರದಲ್ಲಿ ಕೇಳುಗರ ನಿರೀಕ್ಷೆಯೇ ತೀರ್ಪನ್ನು ಪ್ರಭಾವಿಸುವ ಅಪಾಯವಿದೆ. ಇದನ್ನು ತಪ್ಪಿಸಲು ಯಾವ ಉಪಕರಣ ನುಡಿಯುತ್ತಿದೆ ಎಂಬುದು ಕೇಳುಗನಿಗೆ ತಿಳಿಯದಂತೆ ಪರೀಕ್ಷೆ ನಡೆಸಲಾಗುತ್ತದೆ. ಎರಡೂ ಕಡೆಯ ಧ್ವನಿಮಟ್ಟ ಸಮನಾಗಿರಬೇಕು. 16 ಬಾರಿ ಪರೀಕ್ಷಿಸಿದಾಗ ಬರೀ ಊಹೆಯಿಂದ 12 ಅಥವಾ ಹೆಚ್ಚು ಸರಿಯುತ್ತರ ಬರುವ ಸಂಭವ ಸುಮಾರು ಶೇಕಡಾ 4 ಮಾತ್ರ.

ಸುರಕ್ಷತೆ

ಗುಂಯ್‌ಗುಡುವಿಕೆಯನ್ನು ನಿಲ್ಲಿಸಲು ಪ್ಲಗ್ಗಿನ ಭೂಸಂಪರ್ಕದ ತಂತಿಯನ್ನು ಕತ್ತರಿಸುವ ಅಭ್ಯಾಸ ಪ್ರಾಣಾಪಾಯಕಾರಿ. ಒಳಗಿನ ನಿರೋಧಕ ಹೊದಿಕೆ ಕೆಟ್ಟಾಗ ಲೋಹದ ಕವಚಕ್ಕೆ 230 ವೋಲ್ಟ್ ತಲುಪಬಹುದು; ಭೂಸಂಪರ್ಕ ಇದ್ದರೆ ಮಾತ್ರ ಫ್ಯೂಸ್ ಸುಟ್ಟು ಪೂರೈಕೆ ಕಡಿಯುತ್ತದೆ. ಇಂತಹ ಶಬ್ದಕ್ಕೆ ಬಹುವೇಳೆ ಕಾರಣ ಭೂಸಂಪರ್ಕದ ಕುಣಿಕೆ. ಎಲ್ಲ ಉಪಕರಣಗಳನ್ನು ಒಂದೇ ಸಾಕೆಟ್ ಸಮೂಹಕ್ಕೆ ಜೋಡಿಸುವುದರಿಂದ ಅಥವಾ ಸಂಕೇತದ ಮಾರ್ಗದಲ್ಲಿ ಪ್ರತ್ಯೇಕಿಸುವ ಟ್ರಾನ್ಸ್‌ಫಾರ್ಮರ್ ಬಳಸುವುದರಿಂದ ಅದನ್ನು ನಿವಾರಿಸಬಹುದು. ಕೊಳವೆಗಳ ಆಂಪ್ಲಿಫೈಯರ್‌ನ ಕೆಪಾಸಿಟರ್‌ಗಳಲ್ಲಿ ಪ್ಲಗ್ ತೆಗೆದ ನಂತರವೂ ನೂರಾರು ವೋಲ್ಟ್ ಉಳಿದಿರಬಹುದು; ಅವನ್ನು ತಕ್ಕ ರೆಸಿಸ್ಟರ್ ಮೂಲಕ ಬರಿದು ಮಾಡಿ, ಮೀಟರಿನಿಂದ ಪರೀಕ್ಷಿಸಿದ ನಂತರವೇ ಒಳಭಾಗವನ್ನು ಮುಟ್ಟಬೇಕು.