ಅಯಾನುಗಳಿಗೆ ನೇರ ದಾರಿ: ಪಾಲಿಮರ್ ಪೊರೆಗಳ ಕಾಂತೀಯ ಜೋಡಣೆ

ಪಾಲಿಎಥಿಲೀನ್ ಆಕ್ಸೈಡ್‌ನಲ್ಲಿ ಕ್ಷಾರ ಲೋಹಗಳ ಲವಣಗಳು ಕರಗುತ್ತವೆ ಎಂದು ಪೀಟರ್ ರೈಟ್ ಮತ್ತು ಸಂಗಡಿಗರು 1973ರಲ್ಲೇ ತೋರಿಸಿದ್ದರು. ಘನ ಪೊರೆಯ ಲಿಥಿಯಂ ಬ್ಯಾಟರಿಯ ಕನಸು ಚಿಗುರಿದ್ದು ಆ ನೆಲದಲ್ಲೇ. ಆದರೆ ಅಯಾನುಗಳು ಸಲೀಸಾಗಿ ಓಡಾಡುವಷ್ಟು ಮೆದುವಾದ ಪಾಲಿಮರ್‌ಗೆ ಗಟ್ಟಿತನ ಇರುವುದಿಲ್ಲ.

ಬ್ಲಾಕ್ ಕೋಪಾಲಿಮರ್ ಈ ತೊಡಕಿಗೆ ಪರಿಹಾರ. ಅದರ ಸರಪಳಿಯ ಒಂದು ಭಾಗ ಅಯಾನುಗಳನ್ನು ಸಾಗಿಸಿದರೆ ಇನ್ನೊಂದು ಪೊರೆಗೆ ಬಲ ಕೊಡುತ್ತದೆ. ಎರಡೂ ತಾವಾಗಿಯೇ ಬೇರ್ಪಟ್ಟು, ಕೆಲವೇ ನ್ಯಾನೋಮೀಟರ್ ಅಗಲದ ಕೊಳವೆಗಳಂಥ ವಾಹಕ ದಾರಿಗಳು ಮೂಡುತ್ತವೆ. ಆದರೆ ಈ ಕೊಳವೆಗಳು ಒಂದೊಂದು ಕಡೆ ಒಂದೊಂದು ದಿಕ್ಕಿಗೆ ಮಲಗಿರುತ್ತವೆ. ದಿಕ್ಕು ಹೀಗೆ ಚದುರಿದ್ದರೆ, ದಾರಿಗಳು ಎಲ್ಲೂ ಕಡಿಯದಿದ್ದರೂ, ಪೊರೆಯ ಆಚೀಚೆ ಸಿಗುವ ವಾಹಕತೆ ನೇರ ಜೋಡಣೆಯದರ ಮೂರನೇ ಒಂದು ಭಾಗ ಮಾತ್ರ.

ಈ ಕೊಳವೆಗಳನ್ನು ವಿದ್ಯುತ್ ಕ್ಷೇತ್ರದಿಂದ ನೇರವಾಗಿ ನಿಲ್ಲಿಸಹೊರಟರೆ ಅಯಾನುಗಳೇ ಹರಿದು ಅಡ್ಡಿಯಾಗುತ್ತವೆ. ಕಾಂತಕ್ಷೇತ್ರಕ್ಕೆ ಆ ತೊಂದರೆ ಇಲ್ಲ; ಅದು ಪೊರೆಯನ್ನು ಮುಟ್ಟದೆಯೇ ಕೆಲಸ ಮಾಡುತ್ತದೆ. ಒಂಟಿ ಅಣುವಿನ ಮೇಲೆ ಅದರ ಪ್ರಭಾವ ಉಷ್ಣ ಚಲನೆಯ ಮುಂದೆ ಲೆಕ್ಕಕ್ಕಿಲ್ಲದಷ್ಟು ಸಣ್ಣದು. ದ್ರವಸ್ಫಟಿಕ ಗುಂಪುಗಳನ್ನು ಸರಪಳಿಗೆ ಪೋಣಿಸಿದರೆ ಮಾತ್ರ ಸಾವಿರಾರು ಅಣುಗಳು ಒಟ್ಟಾಗಿ ತಿರುಗುತ್ತವೆ, ಕೊಳವೆಗಳೂ ಅವುಗಳ ಜೊತೆ ಹೊರಳುತ್ತವೆ. ಮಾದರಿಯನ್ನು ದ್ರವಸ್ಫಟಿಕದ ಕ್ರಮ ಕರಗುವವರೆಗೆ ಕಾಯಿಸಿ, ಕಾಂತಕ್ಷೇತ್ರದೊಳಗೇ ನಿಧಾನವಾಗಿ ತಣಿಸಬೇಕು. ಅವಸರ ಮಾಡಿದರೆ ಹಳೆಯ ಗೊಂದಲವೇ ಗಟ್ಟಿಯಾಗುತ್ತದೆ.

ಯೇಲ್ ವಿಶ್ವವಿದ್ಯಾಲಯದಲ್ಲಿ ಚಿನೆಡುಮ್ ಒಸುಜಿ ಅವರ ತಂಡ 2010ರಲ್ಲಿ ಸಯನೋಬೈಫಿನೈಲ್ ಗುಂಪುಗಳಿದ್ದ ಇಂಥ ಪಾಲಿಮರ್‌ಗೆ ಲಿಥಿಯಂ ಲವಣ ಬೆರೆಸಿ ಇದನ್ನೇ ಮಾಡಿತು. ಕೊಳವೆಗಳ ಉದ್ದಕ್ಕೆ ಅಳೆದ ವಾಹಕತೆಗೂ ಅಡ್ಡಕ್ಕೆ ಅಳೆದದ್ದಕ್ಕೂ ಸುಮಾರು ಸಾವಿರ ಪಟ್ಟು ಅಂತರ ಕಂಡಿತು. ಈ ಸಂಖ್ಯೆಯನ್ನು ಎಚ್ಚರದಿಂದ ಓದಬೇಕು. ಇದು ಎರಡು ದಿಕ್ಕುಗಳ ನಡುವಿನ ಅಂತರವೇ ಹೊರತು, ಸಾಮಾನ್ಯ ಪೊರೆಗಿಂತ ಸಾವಿರ ಪಟ್ಟು ಲಾಭವಲ್ಲ. ದಿಕ್ಕು ಸರಿಹೋದದ್ದರಿಂದಲೇ ಸಿಗುವ ಲಾಭ ಮೂರು ಪಟ್ಟು. ಅದಕ್ಕಿಂತ ಹೆಚ್ಚು ಸಿಕ್ಕರೆ, ಅರ್ಧಕ್ಕೆ ಕಡಿದುಹೋದ ದಾರಿಗಳು ಕೂಡಿಕೊಂಡಿವೆ ಎಂದರ್ಥ. ಪ್ರಯೋಗದ ನಿಜವಾದ ಬೆಲೆ ಇರುವುದು ಈ ಕೂಡಿಕೆಯಲ್ಲೇ.

ಉಳಿದದ್ದು ಖರ್ಚಿನ ಪ್ರಶ್ನೆ. ಹಲವು ಟೆಸ್ಲಾ ಬಲಕ್ಕೆ ಅತಿವಾಹಕ ಕಾಂತ ಬೇಕು. ಮಾರುದ್ದದ ಹಾಳೆಗಳನ್ನು ಅದರೊಳಗೆ ಹಾಯಿಸುವುದು ದುಬಾರಿ. 2017ರಲ್ಲಿ ಒಸುಜಿ ಮತ್ತು ಸಹೋದ್ಯೋಗಿಗಳು ಬಿಡಿ ದ್ರವಸ್ಫಟಿಕ ಅಣುಗಳನ್ನು ಬೆರೆಸಿ, ಒಂದು ಟೆಸ್ಲಾಗಿಂತ ಕಡಿಮೆ ಕ್ಷೇತ್ರದಲ್ಲೂ ಜೋಡಣೆ ಸಾಧ್ಯವೆಂದು ತೋರಿಸಿದರು. ಆ ಬಲವನ್ನು ಶಾಶ್ವತ ಕಾಂತಗಳೇ ಕೊಡಬಲ್ಲವು.