ಜಾಲತಾಣ ಮತ್ತು ಕೊಂಡಿ

ಒಂದೇ ಹೆಸರಿನಡಿ ಅಂತರಜಾಲದಲ್ಲಿ ಸಿಗುವ ಪುಟಗಳ ಸಮೂಹವೇ ಜಾಲತಾಣ. ಒಂದು ಪುಟದಿಂದ ಇನ್ನೊಂದಕ್ಕೆ, ಅದು ಜಗತ್ತಿನ ಯಾವ ಮೂಲೆಯ ಕಂಪ್ಯೂಟರಿನಲ್ಲೇ ಇರಲಿ, ಕರೆದೊಯ್ಯುವುದು ಕೊಂಡಿ ಅಥವಾ ಲಿಂಕ್. ಸರ್ನ್ ಸಂಶೋಧನಾ ಕೇಂದ್ರದಲ್ಲಿದ್ದ ಟಿಮ್ ಬರ್ನರ್ಸ್-ಲೀ 1989ರಲ್ಲಿ ವೆಬ್ ಎಂಬ ಈ ವ್ಯವಸ್ಥೆಯನ್ನು ಸೂಚಿಸಿದರು. 1993ರಲ್ಲಿ ಸರ್ನ್ ಅದನ್ನು ಎಲ್ಲರ ಬಳಕೆಗೆ ಉಚಿತವಾಗಿ ಬಿಟ್ಟುಕೊಟ್ಟಿತು. ವೆಬ್ ಇಷ್ಟು ಬೇಗ ಹಬ್ಬಲು ಈ ಔದಾರ್ಯ ದೊಡ್ಡ ಕಾರಣ.

ಪುಣೆ ಜಿಲ್ಲೆಯ ಭೋರ್ ತಾಲ್ಲೂಕಿನಲ್ಲಿ ಜಮೀನುಳ್ಳವರು ತಮ್ಮ ‘ಸಾತ್‌ಬಾರಾ’ ನೋಡಬೇಕೆಂದುಕೊಳ್ಳಿ. ನಮ್ಮ ಪಹಣಿಯಂಥ ದಾಖಲೆ ಅದು, ಮಹಾರಾಷ್ಟ್ರ ಸರ್ಕಾರದ ಮಹಾಭೂಲೇಖ ತಾಣದಲ್ಲಿ ಸಿಗುತ್ತದೆ. ತಾಣದ ಹೆಸರು ‘ಭೂಲೇಖ್ ಡಾಟ್ ಮಹಾಭೂಮಿ ಡಾಟ್ ಗವ್ ಡಾಟ್ ಇನ್’. ಇದನ್ನು ಬಲದಿಂದ ಓದಬೇಕು: ‘ಇನ್’ ಭಾರತ, ‘ಗವ್’ ಸರ್ಕಾರ, ‘ಮಹಾಭೂಮಿ’ ಭೂದಾಖಲೆಯ ತಾಣ, ‘ಭೂಲೇಖ್’ ಅದರೊಳಗಿನ ಒಂದು ವಿಭಾಗ. ಹೆಸರು ಒತ್ತಿದೊಡನೆ ಬ್ರೌಸರ್ ಡಿಎನ್‌ಎಸ್ ಎಂಬ ವ್ಯವಸ್ಥೆಯನ್ನು ಕೇಳಿ ಆ ಹೆಸರಿನ ಹಿಂದಿರುವ ಐಪಿ ಸಂಖ್ಯೆಯನ್ನು ಪಡೆಯುತ್ತದೆ, ಆ ಸಂಖ್ಯೆಯ ಸರ್ವರ್‌ಗೆ ಬೇಡಿಕೆ ಕಳಿಸುತ್ತದೆ. ಸರ್ವರ್ ಕಳಿಸುವುದು ಎಚ್‌ಟಿಎಂಎಲ್‌ನಲ್ಲಿ ಬರೆದ ಪಠ್ಯ. ಅದನ್ನು ಬಣ್ಣ, ಗುಂಡಿ, ಚಿತ್ರಗಳ ಪುಟವಾಗಿ ಮೂಡಿಸುವುದು ಬ್ರೌಸರ್. ಜಿಲ್ಲೆ ಪುಣೆ, ತಾಲ್ಲೂಕು ಭೋರ್, ಆಮೇಲೆ ಹಳ್ಳಿ, ಜಮೀನಿನ ಗಟ್ ನಂಬರು ಎಂದು ಆರಿಸಿದ ಮೇಲೆ ಕಾಣುವ ದಾಖಲೆ ಮೊದಲೇ ಪುಟವಾಗಿ ಸಿದ್ಧವಿರುವುದಿಲ್ಲ. ಕೇಳಿದ ಗಳಿಗೆಯಲ್ಲಿ ದತ್ತಾಂಶದಿಂದ ಹೆಕ್ಕಿ ಕಟ್ಟಿಕೊಡಲಾಗುತ್ತದೆ. ಇಂಥ ಪುಟದ ವಿಳಾಸವನ್ನು ಬೇರೆಯವರಿಗೆ ಕಳಿಸಿದರೆ ಅವರಿಗೆ ಅದೇ ದಾಖಲೆ ಕಾಣದೇ ಹೋಗಬಹುದು.

ಕನ್ನಡದ ಕೊಂಡಿಗಳಿಗೆ ಇನ್ನೊಂದು ಪೇಚಿದೆ. ವಿಳಾಸದಲ್ಲಿ ‘ಭೋರ್’ ಎಂದಿದ್ದರೆ ಯೂನಿಕೋಡ್‌ನಲ್ಲಿ ಅದು ನಾಲ್ಕು ಸಂಕೇತ: ಭ, ಓತ್ವ, ರ, ವಿರಾಮ. ಪ್ರತಿಯೊಂದಕ್ಕೂ 3 ಬೈಟು, ಪ್ರತಿ ಬೈಟಿಗೂ ಶೇಕಡಾ ಚಿಹ್ನೆಯೊಡನೆ ಎರಡು ಅಂಕಾಕ್ಷರ. ನಕಲು ಮಾಡಿ ವಾಟ್ಸ್‌ಆ್ಯಪ್‌ಗೆ ಅಂಟಿಸಿದಾಗ ಆ ಪುಟ್ಟ ಹೆಸರು 36 ಚಿಹ್ನೆಗಳ ಸರಮಾಲೆಯಾಗುವುದು ಹೀಗೆ. ನೋಡಿ ಗಾಬರಿಯಾಗಬೇಕಿಲ್ಲ, ಕೊಂಡಿ ಕೆಟ್ಟಿಲ್ಲ.

ಕೊಂಡಿ ಏಕಮುಖಿ. ತನ್ನತ್ತ ಯಾರು ಕೊಂಡಿ ಹಾಕಿದ್ದಾರೆಂದು ಗುರಿಪುಟಕ್ಕೆ ತಿಳಿಯಬೇಕೆಂದಿಲ್ಲ. ಆ ಪುಟವನ್ನು ಅಳಿಸಿದರೂ ಕೊಂಡಿ ಹಾಗೇ ಉಳಿಯುತ್ತದೆ, ಒತ್ತಿದವರಿಗೆ 404, ಅಂದರೆ ‘ಪುಟ ಸಿಗಲಿಲ್ಲ’ ಎಂಬ ಉತ್ತರ ಬರುತ್ತದೆ.

ಕಣ್ಣಿಗೆ ಕಾಣುವ ಪದವೂ ಒಳಗಿನ ವಿಳಾಸವೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಮೋಸಗಾರರಿಗೆ ಇದೇ ದಾರಿ. ‘ಮಹಾಭೂಮಿ’ ಎಂಬ ಪದ ಎಲ್ಲೋ ಇದ್ದರೆ ಸಾಲದು, ತಾಣದ ಹೆಸರು ‘ಡಾಟ್ ಗವ್ ಡಾಟ್ ಇನ್’ ಎಂದೇ ಮುಗಿಯಬೇಕು. ಫೋನಿನಲ್ಲಿ ಕೊಂಡಿಯನ್ನು ಒತ್ತಿ ಹಿಡಿದರೆ ಸಾಮಾನ್ಯವಾಗಿ ನಿಜವಾದ ವಿಳಾಸ ಕಾಣುತ್ತದೆ. ಅದನ್ನು ಓದಿದ ಮೇಲೆಯೇ ತೆರೆಯಿರಿ.